ಹೀಟರ್ ಪೈಪಿನ ದಾರಿ ಮೊದಲೇ ನೋಡ್ಕೋ

ತಮ್ಮಾ, ಹಳೇ ಜಿಪ್ಸಿಯ 970 ಸಿಸಿ ಇಂಜಿನ್ ಇಳಿಸಿ ಎಸ್ಟೀಮಿನ 1.3 ಲೀಟರ್ ಇಂಜಿನ್ ಕೂರಿಸೋಕೆ ಹೊರಟಿದ್ದೀಯ. ಸಂತೋಷ. ಮೌಂಟಿಂಗು, ಗೇರ್‌ಬಾಕ್ಸು, ವೈರಿಂಗು ಎಲ್ಲದರ ಲೆಕ್ಕವೂ ನಿನ್ನ ತಲೆಯಲ್ಲಿದೆ. ಆರ್‌ಟಿಒ ಅನುಮತಿ ತಗೊಂಡು ಆರ್‌ಸಿಯಲ್ಲಿ ಹೊಸ ಇಂಜಿನ್ ನಂಬರ್ ಹಾಕಿಸೋದನ್ನು ಮಾತ್ರ ಮರೀಬೇಡ. ನಾನು ಹೇಳಬೇಕು ಅಂದುಕೊಂಡಿರೋದು ಯಾರೂ ಲೆಕ್ಕಕ್ಕೇ ಇಡದ ಆ ಎರಡು ಹೀಟರ್ ಪೈಪುಗಳ ವಿಷಯ.

"ನಮ್ಮ ಕಡೆ ಹೀಟರ್ ಯಾರಿಗೆ ಬೇಕು ಸಾರ್, ಪೈಪಿಗೆ ಬೋಲ್ಟ್ ತುರುಕಿ ಕ್ಲಿಪ್ ಬಿಗಿದುಬಿಡೋಣ" ಅಂತ ಗ್ಯಾರೇಜಿನಲ್ಲಿ ಯಾರಾದರೂ ಹೇಳೇ ಹೇಳ್ತಾರೆ. ಒಪ್ಪಬೇಡ. ಇಂಜಿನ್ ತಣ್ಣಗಿರುವಾಗ ಥರ್ಮೋಸ್ಟಾಟ್ ಮುಚ್ಚಿರುತ್ತೆ, ನೀರು ರೇಡಿಯೇಟರಿಗೆ ಹೋಗೋದಿಲ್ಲ. ಆಗಲೂ ಇಂಜಿನ್ ಒಳಗೆ ನೀರು ಸುತ್ತುತ್ತಾನೇ ಇರಬೇಕು. ಎಷ್ಟೋ ಇಂಜಿನ್‌ಗಳಲ್ಲಿ ಅದು ಸುತ್ತೋದು ಹೀಟರ್ ದಾರಿಯಲ್ಲೇ. ಹೆಡ್ಡಿನಿಂದ ಹೊರಟು, ಡ್ಯಾಶ್‌ಬೋರ್ಡ್ ಹಿಂದಿನ ಹೀಟರ್ ಹೊಕ್ಕು, ವಾಟರ್ ಪಂಪ್ ಎಳೆದುಕೊಳ್ಳುವ ಬದಿಗೆ ವಾಪಸ್ ಬರುತ್ತೆ. ಆ ದಾರಿ ಮುಚ್ಚಿದರೆ ಹೆಡ್ಡಿನ ಒಂದು ಮೂಲೆಯಲ್ಲಿ ನೀರು ಕುದೀತಿದ್ದರೂ ಬಿಸಿ ಥರ್ಮೋಸ್ಟಾಟಿಗೆ ತಲುಪೋದು ತಡವಾಗುತ್ತೆ. ಹೆಡ್ ಗ್ಯಾಸ್ಕೆಟ್ ಹೋಗೋದು ಹೀಗೇ. ಹೀಟರ್ ಬೇಡವೇ ಬೇಡ ಅನ್ನೋದಾದರೆ ಹೋಗುವ ಪೈಪು, ಬರುವ ಪೈಪು ಎರಡನ್ನೂ ಒಂದಕ್ಕೊಂದು ಜೋಡಿಸು, ನೀರು ಸುತ್ತಲಿ. ನನ್ನನ್ನು ಕೇಳಿದರೆ ಹೀಟರ್ ಇಟ್ಟುಕೋ. ಆಷಾಢದ ಮಳೆಯಲ್ಲಿ ಮಡಿಕೇರಿ ಘಾಟಿ ಹತ್ತುವಾಗ ಗಾಜಿನ ಒಳಗೆ ಕಟ್ಟುವ ಮಂಜು ಬಟ್ಟೆಯಲ್ಲಿ ಒರೆಸಿದರೆ ಹೋಗೋದಿಲ್ಲ.

ಕಾರಿನಲ್ಲಿ ಅಡ್ಡಡ್ಡ ಕೂತಿದ್ದ ಇಂಜಿನ್ ಜಿಪ್ಸಿಯಲ್ಲಿ ಉದ್ದುದ್ದ ಕೂರಬೇಕು. ಪೈಪಿನ ಬಾಯಿಗಳ ದಿಕ್ಕೇ ಬದಲಾಗುತ್ತೆ. ಎಲ್ಲ ಬಿಗಿದಾದ ಮೇಲೆ ನೋಡಿದರೆ ಹಿಂದೆ ಕೈ ಹೋಗೋಕೂ ಜಾಗ ಇರೋದಿಲ್ಲ. ಅದಕ್ಕೇ ಇಂಜಿನ್ ಮೌಂಟಿಂಗ್ ಮೇಲೆ ಕೂತ ದಿನವೇ ಒಂದು ದಪ್ಪ ತಂತಿ ತಗೊಂಡು, ಪೈಪು ಹೋಗಬೇಕಾದ ದಾರಿಯಲ್ಲೇ ಬಗ್ಗಿಸು. ಆ ತಂತಿ ಹಿಡಿದುಕೊಂಡು ಬೆಂಗಳೂರಿನ ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಗಳಿಗೆ ಹೋದರೆ ಅದೇ ತಿರುವಿರುವ ರಬ್ಬರ್ ಹೋಸ್ ಹುಡುಕಿಸಿ ತರಬಹುದು. ನೇರ ಹೋಸನ್ನು ಬಲವಂತವಾಗಿ ಬಗ್ಗಿಸಿದರೆ ಬಿಸಿಗೆ ಮೆತ್ತಗಾಗಿ ಮಡಚಿಕೊಳ್ಳುತ್ತೆ. ಎರಡೂ ತುದಿಯ ಅಳತೆ ಬೇರೆಯಾದರೆ ನಡುವೆ ಹಿತ್ತಾಳೆ ಜಾಯಿಂಟ್ ಹಾಕು. ಪೆಟ್ರೋಲ್ ಪೈಪಿನ ತುಂಡು ಮಾತ್ರ ಬೇಡ, ಆ ರಬ್ಬರೇ ಬೇರೆ.

ಹೀಟರಿನ ಮೂತಿಯಿಂದ ಹಳೇ ಪೈಪು ಬಿಚ್ಚುವಾಗ ತಿರುಚಿ ಎಳೀಬೇಡ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸುಲಿದು ತೆಗಿ. ಆ ತೆಳು ಮೂತಿ ಬಿರುಕು ಬಿಟ್ಟರೆ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗುತ್ತೆ. ಹೊಸ ಪೈಪು ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ದೂರ ಇರಲಿ. ಗಾಡಿ ಎಳೆಯುವಾಗ ಇಂಜಿನ್ ಅಲುಗುತ್ತೆ, ಬಾಡಿ ಅಲುಗೋದಿಲ್ಲ. ಅದಕ್ಕೇ ಪೈಪನ್ನು ಸ್ವಲ್ಪ ಸಡಿಲ ಬಿಡು.

ಕೂಲಂಟ್ ತುಂಬುವಾಗ ಗಾಡಿಯ ಮುಂಭಾಗ ಏರಿನ ಕಡೆ ನಿಲ್ಲಿಸು, ಹೀಟರ್ ನಾಬ್ ಪೂರ್ತಿ ಬಿಸಿಗೆ ತಿರುಗಿಸು, ಗಾಳಿ ಗುಳ್ಳೆ ನಿಲ್ಲೋವರೆಗೂ ಕಾಯಿ. ಮಾರನೇ ದಿನ ತಣ್ಣಗಿರುವಾಗ ಕ್ಲಿಪ್‌ಗಳನ್ನು ಇನ್ನೊಂದು ಸುತ್ತು ಬಿಗಿ. ನೆಲಕ್ಕೆ ಚೆಲ್ಲಿದ ಕೂಲಂಟ್ ಆಗಲೇ ತೊಳೆದುಬಿಡು. ಸಿಹಿ ಇರುತ್ತೆ, ನಾಯಿ ನೆಕ್ಕಿದರೆ ಸಾಯಬಹುದು.