ನಾಲಂದೆಯ ಭಿಕ್ಷುಗಳ ವಾಸಗೃಹಗಳು

ನಾಲಂದೆಯೆಂದೊಡನೆ ಅಲ್ಲಿನ ಪಂಡಿತರೂ ಅವರ ಶಾಸ್ತ್ರವಾದಗಳೂ ನೆನಪಿಗೆ ಬರುವುದು ಸಹಜ. ಆದರೆ ಅಷ್ಟು ಜನರು ಎಲ್ಲಿ ಮಲಗುತ್ತಿದ್ದರು, ನೀರನ್ನೂ ಅನ್ನವನ್ನೂ ಎಲ್ಲಿಂದ ಪಡೆಯುತ್ತಿದ್ದರು ಎಂದು ಕೇಳುವವರು ವಿರಳ. ಈ ಪ್ರಶ್ನೆಗೆ ಅಲ್ಲಿ ಉಳಿದಿರುವ ಇಟ್ಟಿಗೆಯ ಗೋಡೆಗಳೇ ಉತ್ತರವೀಯುತ್ತವೆ.

ಬಿಹಾರ ರಾಜ್ಯದಲ್ಲಿ, ಪ್ರಾಚೀನ ರಾಜಗೃಹದ ಸಮೀಪದಲ್ಲಿರುವ ಈ ಮಹಾವಿಹಾರವು ಕ್ರಿ. ಶ. 5ನೆಯ ಶತಮಾನದಲ್ಲಿ, ಗುಪ್ತರ ಕಾಲದಲ್ಲಿ ಏಳಿಗೆಗೆ ಬಂದು, ಸುಮಾರು 700 ವರ್ಷ ಬಾಳಿತು. ಬಳಿಕ ಮಣ್ಣಿನ ದಿಬ್ಬಗಳಲ್ಲಿ ಹುದುಗಿಹೋದ ಇದನ್ನು 1915ರಿಂದ 1937ರವರೆಗೂ, ಮತ್ತೆ 1974ರಿಂದ 1982ರವರೆಗೂ ನಡೆದ ಉತ್ಖನನಗಳು ಬೆಳಕಿಗೆ ತಂದವು. ಪಶ್ಚಿಮದಲ್ಲಿ ದೇವಾಲಯಗಳ ಸಾಲು, ಪೂರ್ವದಲ್ಲಿ ವಿಹಾರಗಳ ಸಾಲು, ನಡುವೆ ವಿಶಾಲವಾದ ದಾರಿ. ಇದು ಅದರ ಸನ್ನಿವೇಶ.

ವಿಹಾರಗಳೆಲ್ಲವೂ ಬಹುಮಟ್ಟಿಗೆ ಒಂದೇ ಮಾದರಿಯವು. ನಡುವೆ ತೆರೆದ ಅಂಗಳ. ಅದರ ಸುತ್ತಲೂ ಮೊಗಸಾಲೆ. ಮೊಗಸಾಲೆಯ ಹಿಂದೆ ಭಿಕ್ಷುಗಳ ಸಣ್ಣ ಸಣ್ಣ ಕೋಣೆಗಳು. ಗೋಡೆಗಳಲ್ಲಿ ಗೂಡುಗಳಿವೆ. ಮೇಲಂತಸ್ತು ಇದ್ದಿತೆಂಬುದಕ್ಕೆ ಮೆಟ್ಟಿಲುಗಳೇ ಸಾಕ್ಷಿ. ಅಂಗಳದಲ್ಲಿ ಬಾವಿ, ಕೊಳೆನೀರು ಹೊರಹೋಗಲು ಇಟ್ಟಿಗೆಯ ಚರಂಡಿ, ಕೆಲವೆಡೆ ಒಲೆಗಳೂ ಕಾಣಬರುತ್ತವೆ. ಸುಟ್ಟು ಕರಕಾದ ಅಕ್ಕಿಯೂ ಇಲ್ಲಿ ದೊರೆತಿದೆ. ಕಟ್ಟಡವು ಶಿಥಿಲವಾದಾಗಲೆಲ್ಲ ಹಳೆಯ ಗೋಡೆಯ ಮೇಲೆಯೇ ಹೊಸದನ್ನು ಎತ್ತಿರುವುದು ಗಮನಾರ್ಹ. ಮೊದಲನೆಯ ವಿಹಾರವೊಂದರಲ್ಲಿಯೇ ಇಂತಹ ಒಂಬತ್ತು ಸ್ತರಗಳು ಗೋಚರವಾಗಿವೆ.

ಗೋಡೆಗಳು ಹೇಳದುದನ್ನು ಯಾತ್ರಿಕರ ಬರಹಗಳು ತಿಳಿಸುತ್ತವೆ. ಕ್ರಿ. ಶ. 7ನೆಯ ಶತಮಾನದಲ್ಲಿ ಇಲ್ಲಿ ಅನೇಕ ವರ್ಷ ಕಲಿತ ಚೀನಾದ ಇತ್ಸಿಂಗನು, ಭಿಕ್ಷುಗಳ ಸಂಖ್ಯೆ 3000ವನ್ನು ಮೀರಿದ್ದಿತೆಂದೂ, 200ಕ್ಕೂ ಹೆಚ್ಚು ಗ್ರಾಮಗಳು ವಿಹಾರದ ಅಧೀನದಲ್ಲಿದ್ದುವೆಂದೂ ಬರೆದಿದ್ದಾನೆ. ಬೆಳಗ್ಗೆ ಗಂಟೆ ಬಾರಿಸಿದೊಡನೆ ಎಲ್ಲರೂ ಕೊಳಗಳಿಗೆ ಸ್ನಾನಕ್ಕೆ ಹೋಗುತ್ತಿದ್ದರಂತೆ.

ಇದಕ್ಕಿಂತ ಬಲವಾದ ಪ್ರಮಾಣವು 1921ರಲ್ಲಿ ಮೊದಲನೆಯ ವಿಹಾರದಲ್ಲಿಯೇ ದೊರೆತ ತಾಮ್ರಶಾಸನ. ಸುವರ್ಣದ್ವೀಪದ ಅರಸನಾದ ಬಾಲಪುತ್ರದೇವನು ಇಲ್ಲಿ ಒಂದು ವಿಹಾರವನ್ನು ಕಟ್ಟಿಸಿದನು. ಅವನ ಕೋರಿಕೆಯಂತೆ ಪಾಲವಂಶದ ದೇವಪಾಲನು 9ನೆಯ ಶತಮಾನದಲ್ಲಿ ಐದು ಗ್ರಾಮಗಳನ್ನು ದಾನವಿತ್ತನು. ಭಿಕ್ಷುಗಳ ಅನ್ನ, ವಸ್ತ್ರ, ಹಾಸಿಗೆ, ಔಷಧ, ಗ್ರಂಥಗಳ ಪ್ರತಿ ಬರೆಯಿಸುವಿಕೆ, ವಿಹಾರದ ಜೀರ್ಣೋದ್ಧಾರ, ಇವೆಲ್ಲವೂ ಆ ದಾನದ ಉದ್ದೇಶಗಳಲ್ಲಿ ಸೇರಿವೆ. ಔಷಧಕ್ಕೂ ಗ್ರಂಥಕ್ಕೂ ಗೋಡೆಯ ದುರಸ್ತಿಗೂ ಒಂದೇ ಶಾಸನದಲ್ಲಿ ಸ್ಥಾನವಿತ್ತುದು ದೊಡ್ಡ ವಿವೇಕ.

ನಾಲಂದೆಯ ಕೀರ್ತಿಯು ಆಚಾರ್ಯರ ಪ್ರತಿಭೆಯೊಂದರಿಂದಲೇ ಉಳಿಯಲಿಲ್ಲ. ಗದ್ದೆಯನ್ನು ಉತ್ತವನು, ಬಾವಿಯನ್ನು ತೋಡಿದವನು, ಬಿರುಕುಬಿಟ್ಟ ಗೋಡೆಯನ್ನು ಮತ್ತೆ ಕಟ್ಟಿದವನು, ಇವರೆಲ್ಲರೂ ಅದರ ಪಾಲುದಾರರು. ಇವರ ಹೆಸರುಗಳು ಶಾಸನದಲ್ಲಿಲ್ಲ. ಕೆಲಸ ಮಾತ್ರ ಇಂದಿಗೂ ನಿಂತಿದೆ. ದಾನಿಗಳ ನೆರವಿನಿಂದ ನಡೆಯುವ ಶಾಲೆಗಳಲ್ಲಿ ಓದುವ ವಿದ್ಯಾರ್ಥಿಗಳು ಇದನ್ನು ಸುಲಭವಾಗಿ ಅರಿಯಬಲ್ಲರು. ವಿದ್ಯಾದಾನವು ನಿಲ್ಲುವುದು ಅನ್ನದಾನದ ತಳಹದಿಯ ಮೇಲೆ.