ಮುಂದಾಳುತನವನ್ನು ಕಲಿಸುವ ಬಗೆ: ವೆಲ್ಲೂರಿನಿಂದ ಒಂದು ಪಾಠ

ಹೆಣ್ಣುಮಗಳಿಗೆ ಒಂದು ವೃತ್ತಿಯನ್ನು ಕಲಿಸಿದರೆ ಸಾಲದೆ? ಆ ವೃತ್ತಿಯಲ್ಲಿ ಇತರರನ್ನು ನಡಿಸುವ ಯೋಗ್ಯತೆಯನ್ನೂ ಕಲಿಸಬೇಕೆ? ತಂದೆತಾಯಿಗಳು ಈ ಪ್ರಶ್ನೆಯನ್ನು ಕೇಳುವುದುಂಟು. ಡಾಕ್ಟರಾಗಲಿ ದಾದಿಯಾಗಲಿ ಉಪಾಧ್ಯಾಯಿನಿಯಾಗಲಿ ತನ್ನ ಪಾಲಿನ ಕೆಲಸವನ್ನು ಚೆನ್ನಾಗಿ ಮಾಡಿದರೆ ಆಯಿತಷ್ಟೆ, ಅಧಿಕಾರದ ಗೊಡವೆ ಅವಳಿಗೇಕೆ ಎಂಬುದು ಅವರಲ್ಲಿ ಕೆಲವರ ಮತ. ಉದ್ಯೋಗಸ್ಥೆಯರಾದ ಸ್ತ್ರೀಯರಿಗಾಗಿ ಮುಂದಾಳುತನದ ಶಿಕ್ಷಣವರ್ಗಗಳು ಅಲ್ಲಲ್ಲಿ ನಡೆಯುತ್ತಿರುವ ಈ ದಿನಗಳಲ್ಲಿ, ಆ ಪ್ರಶ್ನೆಯನ್ನು ನಡೆದ ಒಂದು ದೃಷ್ಟಾಂತದ ಮೂಲಕ ವಿಚಾರಿಸುವುದು ಯುಕ್ತವೆಂದು ನಮಗೆ ತೋರುತ್ತದೆ.

ಐಡಾ ಸೊಫಿಯಾ ಸ್ಕಡರ್ ಎಂಬವರು 1870ನೆಯ ಇಸವಿಯಲ್ಲಿ ರಾಣಿಪೇಟೆಯಲ್ಲಿ ಹುಟ್ಟಿದ ಅಮೆರಿಕದ ಮಿಷನರಿ ಮನೆತನದ ಮಗಳು. ಯೌವನದಲ್ಲಿ ಅವರಿಗೆ ಮಿಷನ್ ಕೆಲಸದಲ್ಲಿ ಮನಸ್ಸಿರಲಿಲ್ಲ. ಆದರೆ ತಿಂಡಿವನದಲ್ಲಿ ತಂದೆಯ ಮನೆಯಲ್ಲಿದ್ದಾಗ, ಒಂದೇ ರಾತ್ರಿ ಮೂವರು ಗಂಡಸರು ಒಬ್ಬರಾದ ಮೇಲೊಬ್ಬರು ಬಂದು, ಹೆರಿಗೆಯ ಬೇನೆಯಲ್ಲಿರುವ ತಮ್ಮ ಹೆಂಡತಿಯನ್ನು ನೋಡಬೇಕೆಂದು ಅವರನ್ನು ಬೇಡಿಕೊಂಡರು. ಅವರು ವೈದ್ಯವನ್ನರಿಯರು, ವೈದ್ಯರಾದ ತಂದೆಯವರನ್ನು ಕರೆದೊಯ್ಯಿರೆಂದರೆ, ಪರಪುರುಷನು ಒಳಗೆ ಬರಬಾರದೆಂದು ಮೂವರೂ ಹಿಂದಿರುಗಿದರು. ಬೆಳಗಾಗುವಷ್ಟರಲ್ಲಿ ಆ ಮೂವರು ಸ್ತ್ರೀಯರೂ ತೀರಿಹೋಗಿದ್ದರು. ಆಕೆ ಅಮೆರಿಕಕ್ಕೆ ಮರಳಿ, 1899ರಲ್ಲಿ ಕಾರ್ನೆಲ್ ವೈದ್ಯಕೀಯ ಕಾಲೇಜಿನಿಂದ ಪದವಿಯನ್ನು ಪಡೆದು, 1900ರಲ್ಲಿ ವೆಲ್ಲೂರಿಗೆ ಬಂದರು.

ಮೊದಲು ಅವರಿಗಿದ್ದದ್ದು ಒಂದೇ ಹಾಸಿಗೆಯ ಚಿಕಿತ್ಸಾಲಯ. 1902ರಲ್ಲಿ ಆಸ್ಪತ್ರೆಯಾಯಿತು. ಆದರೆ ಒಬ್ಬಳು ವೈದ್ಯೆ ಎಷ್ಟು ಮನೆಗಳಿಗೆ ಹೋಗಬಲ್ಲಳು? ತಾನೊಬ್ಬಳೇ ಎಷ್ಟು ದುಡಿದರೂ ಸಾಲದೆಂದು ಕಂಡಾಗಲೇ ನಿಜವಾದ ಮುಂದಾಳುತನವು ಆರಂಭವಾಗುತ್ತದೆ. 1909ರಲ್ಲಿ ದಾದಿಯರ ಶಾಲೆಯನ್ನೂ, 1918ರಲ್ಲಿ ಸ್ತ್ರೀಯರಿಗಾಗಿ ವೈದ್ಯಕೀಯ ಶಾಲೆಯನ್ನೂ ತೆರೆದರು. ಹುಡುಗಿಯರು ಬಂದಾರೆಯೇ, ಬಂದರೂ ಪರೀಕ್ಷೆಯಲ್ಲಿ ನಿಂತಾರೆಯೇ ಎಂಬ ಸಂದೇಹ ಅಧಿಕಾರಿಗಳಿಗಿತ್ತು. 1922ರಲ್ಲಿ ಮೊದಲನೆಯ ತಂಡದ 14 ಮಂದಿ ವೈದ್ಯೆಯರಾಗಿ ಹೊರಬಂದು ಆ ಸಂದೇಹಕ್ಕೆ ಉತ್ತರಕೊಟ್ಟರು.

ಈ ಶಿಕ್ಷಣದಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು.

ಒಂದನೆಯದು, ಹೊಣೆಯನ್ನು ಹೊತ್ತೇ ಹೊಣೆಗಾರಿಕೆಯನ್ನು ಕಲಿಯಬೇಕು. ವಿದ್ಯಾರ್ಥಿನಿಯರು ಪುಸ್ತಕದ ಮುಂದೆ ಮಾತ್ರ ಕುಳಿತವರಲ್ಲ. ಹಳ್ಳಿಯ ದಾರಿಯ ಬದಿಯಲ್ಲಿ ಮರದ ನೆರಳಿನಲ್ಲಿ ಗಾಡಿಯನ್ನು ನಿಲ್ಲಿಸಿ, ಹುಣ್ಣಿನವರನ್ನೂ ಕಣ್ಣುಬೇನೆಯವರನ್ನೂ ಕುಷ್ಠರೋಗಿಗಳನ್ನೂ ನೋಡುವ ಕೆಲಸದಲ್ಲಿ ಅವರಿಗೂ ಪಾಲಿತ್ತು. ಕಾದು ನಿಂತ ಜನರ ಮುಂದೆ ಯಾರನ್ನು ಮೊದಲು ನೋಡಬೇಕೆಂದು ತೀರ್ಮಾನಿಸುವುದನ್ನು ಯಾವ ಉಪನ್ಯಾಸವೂ ಕಲಿಸಲಾರದು.

ಎರಡನೆಯದು, ಮುಂದಾಳಾದವಳು ತನ್ನ ಪ್ರಿಯವಾದ ಅಭಿಪ್ರಾಯವನ್ನೂ ಸಮಯ ಬಂದಾಗ ಬಿಡಲು ಶಕ್ತಳಾಗಿರಬೇಕು. 1930ರ ದಶಕದ ಅಂತ್ಯದಲ್ಲಿ ಮದರಾಸು ಸರ್ಕಾರವು ಡಿಪ್ಲೊಮಾ ತರಗತಿಗಳನ್ನು ನಿಲ್ಲಿಸಿ, ವೈದ್ಯರಾಗುವವರು ವಿಶ್ವವಿದ್ಯಾನಿಲಯದ ಪದವಿಯನ್ನೇ ಪಡೆಯಬೇಕೆಂದು ವಿಧಿಸಿತು. ಕಾಲೇಜಾಗದಿದ್ದರೆ ಶಾಲೆಯು ಮುಚ್ಚಿಹೋಗಬೇಕು. ಕಾಲೇಜಾಗಲು ಬೇಕಾದ ಹಣವೂ ಅಧ್ಯಾಪಕರೂ ಇಲ್ಲ. ಇತರ ಮಿಷನ್‌ಗಳ ನೆರವು ಬೇಕಾದರೆ ಗಂಡುಮಕ್ಕಳನ್ನೂ ಸೇರಿಸಿಕೊಳ್ಳಬೇಕು. ಸ್ತ್ರೀಯರಿಗಾಗಿಯೇ ಹಣ ಕೂಡಿಸಿದ್ದ ಅಮೆರಿಕದ ಮಹಿಳೆಯರಲ್ಲಿ ಕೆಲವರು ಇದನ್ನು ಒಪ್ಪಲಿಲ್ಲ. ಹಳೆಯ ಸ್ನೇಹಗಳು ಮುರಿದವು. ಅವರ ಭಯವು ಅಕಾರಣವಾದುದೆಂದು ನಾವು ಹೇಳಲಾರೆವು. ಆದರೂ ಸ್ಕಡರ್ ಅವರು ಶಾಲೆಯನ್ನು ಉಳಿಸುವ ದಾರಿಯನ್ನೇ ಆರಿಸಿಕೊಂಡರು. 1942ರಲ್ಲಿ ಪದವಿ ತರಗತಿಗಳು ಆರಂಭವಾದವು. 1947ರಲ್ಲಿ ಗಂಡುಮಕ್ಕಳೂ ಸೇರಿದರು.

ಮೂರನೆಯದೇ ಅತ್ಯಂತ ಕಠಿಣವಾದುದು: ಕಟ್ಟಿದ್ದನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದು. ದೇಶಕ್ಕೆ ಸ್ವಾತಂತ್ರ್ಯ ಬಂದ ಕಾಲದಲ್ಲಿ ಆ ಸಂಸ್ಥೆಯ ಪ್ರಥಮ ಭಾರತೀಯ ನಿರ್ದೇಶಕರ ಪದವಿಯು ವಿಶಾಖಪಟ್ಟಣದಲ್ಲಿ ಹುಟ್ಟಿದ ಡಾಕ್ಟರ್ ಹಿಲ್ಡಾ ಲಾಜರಸ್ ಎಂಬ ಸ್ತ್ರೀಗೆ ಬಂದಿತು. ಆಕೆ ಅನೇಕ ವರ್ಷ ಸ್ತ್ರೀಯರ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿದು, ಆಡಳಿತದ ಅನುಭವವನ್ನು ಮೊದಲೇ ಪಡೆದಿದ್ದವರು. ಅಂತಹವರು ದೇಶದಲ್ಲಿ ಸಿದ್ಧರಾಗಿರದಿದ್ದರೆ ಬರಿದಾದ ಪೀಠಕ್ಕೆ ಯಾರನ್ನು ಕರೆಯಬಹುದಾಗಿತ್ತು? ಸ್ಕಡರ್ ಅವರು 1960ರಲ್ಲಿ ಕೊಡೈಕಾನಲಿನಲ್ಲಿ ತೀರಿಕೊಂಡರು, ಕೆಲಸವು ನಿಲ್ಲಲಿಲ್ಲ. ಮುಂದಾಳಿನ ಪರೀಕ್ಷೆಯು ಆಕೆ ಇರುವಾಗ ಆಗುವುದಲ್ಲ, ಆಕೆ ಇಲ್ಲದಿರುವಾಗ ಆಗುವುದು.

ಆದುದರಿಂದ, ಕೆಲವು ದಿನಗಳ ವರ್ಗದಲ್ಲಿ ಕುಳಿತು ಪ್ರಶಸ್ತಿಪತ್ರವನ್ನು ಪಡೆದ ಮಾತ್ರಕ್ಕೆ ಈ ಶಿಕ್ಷಣವು ಮುಗಿಯಿತೆಂದು ತಿಳಿಯಬಾರದು. ಅಂತಹ ವರ್ಗಗಳು ಒಳ್ಳೆಯವೇ. ಆದರೆ ಅಲ್ಲಿಂದ ಬಂದವಳಿಗೆ ನಡಿಸಲು ಒಂದು ಕೆಲಸವನ್ನೂ, ತಪ್ಪಿದಾಗ ತಿದ್ದುವ ಹಿರಿಯಳೊಬ್ಬಳನ್ನೂ ಕೊಡದಿದ್ದರೆ ಕಲಿತದ್ದು ಬೇಗನೆ ಬಾಡುವುದು.

ತಂದೆತಾಯಿಗಳೇ, ಮನೆಯ ಲೆಕ್ಕವನ್ನೋ ತಮ್ಮ ತಂಗಿಯರ ಪಾಠವನ್ನೋ ಸಭೆಯ ಒಂದು ಕೆಲಸವನ್ನೋ ನಿಮ್ಮ ಮಗಳಿಗೆ ಪೂರ್ಣವಾಗಿ ಒಪ್ಪಿಸಿ ನೋಡಿರಿ, ನಡುವೆ ಕೈಹಾಕಬೇಡಿರಿ. ಹಿಂದಿನ ವಿದ್ಯಾರ್ಥಿನಿಯರೇ, ನೀವು ಕಚೇರಿಯಲ್ಲಿಯೋ ಆಸ್ಪತ್ರೆಯಲ್ಲಿಯೋ ಶಾಲೆಯಲ್ಲಿಯೋ ಮೇಲಿನ ಸ್ಥಾನದಲ್ಲಿದ್ದೀರಾದರೆ, ನಿಮ್ಮ ಕೈಕೆಳಗಿನ ಕಿರಿಯಳೊಬ್ಬಳನ್ನು ನಿಮ್ಮ ಪೀಠಕ್ಕಾಗಿಯೇ ಸಿದ್ಧಪಡಿಸುತ್ತಿರುವಿರೋ ಎಂದು ಈ ರಾತ್ರಿ ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಪ್ರಥಮಸ್ಥಾನವನ್ನು ಬಯಸಿದ ಶಿಷ್ಯರಿಗೆ ನಮ್ಮ ಕರ್ತನು ಸೇವಕನ ಸ್ಥಾನವನ್ನು ತೋರಿಸಿದನು. ಆ ಸ್ಥಾನದಿಂದ ಹೊರಡುವ ಮುಂದಾಳುತನವನ್ನೇ ನಮ್ಮ ಹೆಣ್ಣುಮಕ್ಕಳಿಗೆ ದಯಪಾಲಿಸಲೆಂದು ನಾವು ಪ್ರಾರ್ಥಿಸುತ್ತೇವೆ.