ದೇಹವನ್ನು ಆಡಿಸುವದನ್ನು ಕುರಿತು



ಅನೇಕ ಮನೆಗಳಲ್ಲಿ ನಡೆಯುವ ಒಂದು ಸಂಗತಿಯನ್ನು ಆಲೋಚಿಸಿರಿ. ಅರುವತ್ತೈದು ವರುಷದ ತಾಯಿಯು ಜ್ವರದಿಂದ ಹತ್ತು ದಿವಸ ಮಲಗಿ ಗುಣ ಹೊಂದುತ್ತಾಳೆ. ಆಕೆಯು ಎದ್ದು ಕೊಡ ಹಿಡಿದಾಗ ಮಗನು, "ಅವ್ವಾ, ನೀನು ದುಡಿದದ್ದು ಸಾಕು, ಇನ್ನು ಸುಮ್ಮನೆ ಕೂತುಕೋ," ಅನ್ನುತ್ತಾನೆ. ಸೊಸೆಯು ಆಕೆಯ ಕೈಯಿಂದ ಕಸಬರಿಗೆಯನ್ನು ತೆಗೆದುಕೊಳ್ಳುತ್ತಾಳೆ. ಮೊಮ್ಮಕ್ಕಳು ಕೂತಲ್ಲಿಗೆ ನೀರು ತಂದುಕೊಡುತ್ತಾರೆ. ಇದೆಲ್ಲಾ ಪ್ರೀತಿಯಿಂದಲೇ ಆಗುತ್ತದೆ. ಆದರೆ ವರುಷ ತುಂಬುವಷ್ಟರಲ್ಲಿ ಆ ತಾಯಿಯು ಗೋಡೆ ಹಿಡಿಯದೆ ಏಳಲಾರಳು. ಮುಂದಿನ ಮಳೆಗಾಲದಲ್ಲಿ ಬಚ್ಚಲ ಬಳಿ ಜಾರಿ ಬಿದ್ದು ತೊಡೆಯ ಎಲುಬನ್ನು ಮುರಿದುಕೊಳ್ಳುತ್ತಾಳೆ. "ಮುಪ್ಪು ಬಂತು, ಏನು ಮಾಡುವದು?" ಎಂದು ನೆರೆಯವರು ಹೇಳುತ್ತಾರೆ. ಇದಕ್ಕೆ ಮುಪ್ಪು ಒಂದೇ ಕಾರಣವೋ? ಈ ಪಾಠದಲ್ಲಿ ಅದನ್ನು ವಿಚಾರಿಸೋಣ.

೧. ಉಪಯೋಗಿಸದ ಬಲವು ಕರಗುತ್ತದೆ

ಕೂತು ಉಣ್ಣುವವನಿಗೆ ಕುಡಿಕೆ ಹಣ ಸಾಲದು ಎಂಬ ಗಾದೆಯು ಹಣಕ್ಕೆ ಮಾತ್ರವಲ್ಲ, ದೇಹಕ್ಕೂ ಸಲ್ಲುತ್ತದೆ. ಅಮೇರಿಕಾ ದೇಶದ ಡಲ್ಲಾಸ್ ಪಟ್ಟಣದಲ್ಲಿ ೧೯೬೬ನೆಯ ಇಸವಿಯಲ್ಲಿ ವೈದ್ಯರು ೨೦ ವರುಷ ಪ್ರಾಯದ ಐದು ಮಂದಿ ಆರೋಗ್ಯವಂತರಾದ ಯೌವನಸ್ಥರನ್ನು ೩ ವಾರ ಹಾಸಿಗೆಯಲ್ಲಿಯೇ ಇರಿಸಿ ಪರೀಕ್ಷಿಸಿದರು. ರೋಗವಿಲ್ಲದ ಆ ದೇಹಗಳು ಬರೀ ಮಲಗಿದ್ದರಿಂದಲೇ ಸೊರಗಿದವು. ದಣಿಯದೆ ದುಡಿಯುವ ಶಕ್ತಿಯು ಬಹಳವಾಗಿ ಇಳಿಯಿತು. ೩೦ ವರುಷಗಳಾದ ಮೇಲೆ ಅದೇ ಐವರನ್ನು ತಿರಿಗಿ ಪರೀಕ್ಷಿಸಿದಾಗ, ಮೂವತ್ತು ವರುಷದ ಪ್ರಾಯವು ಅವರಿಂದ ಕಿತ್ತುಕೊಂಡದ್ದಕ್ಕಿಂತ ಆ ಮೂರು ವಾರದ ಹಾಸಿಗೆಯೇ ಹೆಚ್ಚನ್ನು ಕಿತ್ತುಕೊಂಡಿತ್ತೆಂದು ಕಂಡುಬಂತು. ಅವರು ೬ ತಿಂಗಳು ಕ್ರಮವಾಗಿ ಅಭ್ಯಾಸ ಮಾಡಿದ ಮೇಲೆ, ಪ್ರಾಯದಿಂದ ಹೋಗಿದ್ದ ಶಕ್ತಿಯು ತಿರಿಗಿ ಬಂತು.

ತೀರಾ ಮುದುಕರಾದವರ ಗತಿ ಏನು? ೧೯೯೦ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯಲ್ಲಿ, ತೊಂಭತ್ತರ ಆಸುಪಾಸಿನ ಕೆಲವರು ವೃದ್ಧಾಶ್ರಮದಲ್ಲಿ ೮ ವಾರ ಕಾಲಿನಿಂದ ಭಾರ ಎತ್ತುವ ಅಭ್ಯಾಸ ಮಾಡಿದರು. ಅವರ ಕಾಲಿನ ಬಲವು ಮೊದಲಿದ್ದದ್ದಕ್ಕಿಂತ ಎರಡೂವರೆ ಪಾಲಿಗೂ ಹೆಚ್ಚಾಯಿತು. ಆದಕಾರಣ ಮುಪ್ಪಿನ ಮೇಲೆ ಹೊರಿಸುವ ತಪ್ಪಿನಲ್ಲಿ ದೊಡ್ಡ ಪಾಲು ಕೂತಿರುವದರದ್ದೇ ಎಂದು ತಿಳಿಯತಕ್ಕದ್ದು.

೨. "ನಾವು ಹೊಲದವರು, ನಮಗೆ ಇದು ಯಾಕೆ?"

ಹೀಗೆಂದು ಕೇಳುವವರು ಉಂಟು. ಅವರು ಲಂಡನ್ ಪಟ್ಟಣದ ಎರಡಂತಸ್ತಿನ ಬಸ್ಸುಗಳ ಸಂಗತಿಯನ್ನು ಕೇಳಲಿ. ಆ ಬಸ್ಸುಗಳಲ್ಲಿ ಡ್ರೈವರನು ದಿನವೆಲ್ಲಾ ಕೂತಿರುತ್ತಿದ್ದನು. ಕಂಡಕ್ಟರನು ಟಿಕೇಟು ಕೊಡುತ್ತಾ ಮೆಟ್ಟಲು ಹತ್ತಿ ಇಳಿಯುತ್ತಿದ್ದನು. ಜೆರ್ರಿ ಮಾರಿಸ್ ಎಂಬ ವೈದ್ಯರೂ ಅವರ ಜೊತೆಗಾರರೂ ೧೯೫೩ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಹೃದಯದ ರೋಗವು ಕಂಡಕ್ಟರರಲ್ಲಿ ಡ್ರೈವರರಿಗಿಂತ ಕಡಿಮೆಯಾಗಿತ್ತು. ಒಂದೇ ಬಸ್ಸು, ಒಂದೇ ದಾರಿ; ಆದರೆ ಒಬ್ಬನು ಕೂತನು, ಒಬ್ಬನು ನಡೆದನು.

ಈಗ ನಮ್ಮ ಊರುಗಳನ್ನು ನೋಡಿರಿ. ಬೀಸುವ ಕಲ್ಲಿನ ಕೆಲಸವನ್ನು ಗಿರಣಿಯು ತೆಗೆದುಕೊಂಡಿತು. ನೇಗಿಲಿನ ಕೆಲಸವನ್ನು ಟ್ರಾಕ್ಟರು, ನೀರೆತ್ತುವದನ್ನು ಪಂಪು ತೆಗೆದುಕೊಂಡವು. ಅರ್ಧ ಮೈಲು ದೂರದ ಹೊಲಕ್ಕೂ ಬೈಕು ಹೋಗುತ್ತದೆ. ಇದರಿಂದ ಕಷ್ಟವು ಕಡಿಮೆಯಾದದ್ದು ಒಳ್ಳೇದೇ. ಆದರೆ ಹೊಲವಿದ್ದ ಮಾತ್ರಕ್ಕೆ ದೇಹವು ಆಡುತ್ತದೆಂದು ನಂಬಿರಬಾರದು. ದಿನವಿಡೀ ಭಾರ ಹೊತ್ತು ಕೂಲಿ ಮಾಡುವವರಿಗಾದರೋ ಈ ಮಾತು ಬೇರೆ: ಅವರಿಗೆ ಬೇಕಾದದ್ದು ಇನ್ನೂ ದುಡಿಮೆಯಲ್ಲ, ಬೆನ್ನಿಗೆ ವಿಶ್ರಾಂತಿಯೂ ಹೊಟ್ಟೆ ತುಂಬ ಊಟವೂ.

೩. ಎಷ್ಟು ಮಾಡಬೇಕು?

ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಹೇಳಿದ ಅಳತೆ ಹೀಗಿದೆ: ಪ್ರಾಯಸ್ಥರು ವಾರಕ್ಕೆ ೧೫೦ರಿಂದ ೩೦೦ ನಿಮಿಷ ಮಧ್ಯಮವಾದ ಶ್ರಮ ಪಡಬೇಕು. ದಿನಕ್ಕೆ ಅರ್ಧ ತಾಸಿನಂತೆ ವಾರಕ್ಕೆ ಐದು ದಿನ ಚುರುಕಾಗಿ ನಡೆದರೆ ೧೫೦ ನಿಮಿಷ ಆಗುತ್ತದೆ. ನಡೆಯುವಾಗ ಮಾತಾಡಲು ಸಾಧ್ಯವಾಗಿ, ಹಾಡಲು ಉಸಿರು ಸಾಲದೆ ಹೋದರೆ, ಅದೇ ಮಧ್ಯಮ ಶ್ರಮ. ಒಂದೇ ಸಾರಿ ಮಾಡಬೇಕೆಂಬ ನಿಯಮವಿಲ್ಲ. ಹತ್ತು ಹತ್ತು ನಿಮಿಷ ಮಾಡಿದರೂ ಸಲ್ಲುವದು. ವಾರಕ್ಕೆ ಎರಡು ದಿವಸವಾದರೂ ಕೈಕಾಲುಗಳ ಬಲವನ್ನು ಹೆಚ್ಚಿಸುವ ಕೆಲಸ ಮಾಡಬೇಕು. ಇಷ್ಟು ಆಗದವರು ಆದಷ್ಟು ಮಾಡಲಿ, ಯಾಕಂದರೆ ಏನೂ ಮಾಡದೆ ಇರುವದಕ್ಕಿಂತ ಸ್ವಲ್ಪ ಮಾಡುವದು ಉತ್ತಮ.

೪. ಪ್ರಾಯಕ್ಕೆ ತಕ್ಕ ಕ್ರಮ

ಗರ್ಭಿಣಿಯರು: ವೈದ್ಯರಾಗಲಿ ದಾದಿಯಾಗಲಿ ಬೇಡವೆಂದು ಹೇಳದಿದ್ದರೆ ನಡೆಯುವದೂ ಮನೆಗೆಲಸವೂ ಒಳ್ಳೇದು. ಹೆಚ್ಚು ಭಾರವನ್ನು ಎತ್ತಬಾರದು, ಸುಡುಬಿಸಿಲಿನಲ್ಲಿ ದಣಿಯಬಾರದು. ರಕ್ತಸ್ರಾವ, ತಲೆತಿರುಗು, ಎದೆನೋವು ಕಂಡರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಹೆರಿಗೆಯಾದ ಮೇಲೆ ಸ್ವಲ್ಪ ಸ್ವಲ್ಪವಾಗಿ ನಡೆಯಲಾರಂಭಿಸಬೇಕು. ಹೊಟ್ಟೆ ಕೊಯ್ದು ಹೆರಿಗೆಯಾದವರು ಭಾರದ ಕೆಲಸಕ್ಕೆ ಮುಂಚೆ ವೈದ್ಯರನ್ನು ಕೇಳತಕ್ಕದ್ದು.

ನಡುಪ್ರಾಯದವರು: ಅಂಗಡಿಯಲ್ಲಿಯೂ ಕಛೇರಿಯಲ್ಲಿಯೂ ಕೂತು ಕೆಲಸ ಮಾಡುವವರು ಆಗಾಗ್ಗೆ ಎದ್ದು ನಡೆಯಲಿ.

ವೃದ್ಧರು: ೬೫ ದಾಟಿದವರು ವಾರಕ್ಕೆ ಮೂರು ದಿವಸವಾದರೂ ಬೀಳದಂತೆ ಕಾಪಾಡುವ ಅಭ್ಯಾಸ ಮಾಡಬೇಕು. ಅಲುಗದ ಬೆಂಚಿನ ಮೇಲೆ ಕೂತು, ಕೈ ಊರದೆ ಹತ್ತು ಸಾರಿ ಏಳಿರಿ. ಆಗದಿದ್ದರೆ ಮೊದಲು ಕೈ ಊರಿಯೇ ಏಳಿರಿ. ಗೋಡೆ ಹಿಡಿದು ಹಿಮ್ಮಡಿಯನ್ನು ಎತ್ತಿ ಇಳಿಸಿರಿ. ಹತ್ತಿರದಲ್ಲಿ ಒಬ್ಬರು ನಿಂತಿರಲಿ.

೫. ರೋಗವಿದ್ದವರು

ಸಕ್ಕರೆ ಕಾಯಿಲೆಯವರಿಗೆ ನಡೆಯುವದು ಅತಿ ಪ್ರಯೋಜನವುಳ್ಳದ್ದು. ಹೇಗಂದರೆ, ದುಡಿಯುವ ಸ್ನಾಯುವು ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಂಡು ಉರಿಸುತ್ತದೆ. ಆದರೆ ಇನ್ಸುಲಿನ್ ಚುಚ್ಚಿಕೊಳ್ಳುವವರೂ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ನುಂಗುವವರೂ ಹಸಿದು ನಡೆಯಬಾರದು. ಕೈ ನಡುಗಿ ಬೆವರು ಬಂದರೆ ತಿನ್ನಲು ಬೆಲ್ಲವನ್ನಾಗಲಿ ಸಕ್ಕರೆಯನ್ನಾಗಲಿ ಜೊತೆಗೆ ಇಟ್ಟುಕೊಳ್ಳಬೇಕು. ಬರಿಗಾಲಿನಲ್ಲಿ ನಡೆಯಬಾರದು, ರಾತ್ರಿ ಅಂಗಾಲನ್ನು ನೋಡಿಕೊಳ್ಳಬೇಕು, ಯಾಕಂದರೆ ಆ ರೋಗದಲ್ಲಿ ಗಾಯವಾದರೂ ನೋವು ತಿಳಿಯದೆ ಹೋಗಬಹುದು.

ಮೊಣಕಾಲು ಸವೆದವರು ನೋವಿಗೆ ಹೆದರಿ ಕೂತರೆ ತೊಡೆಯ ಸ್ನಾಯು ಸೊರಗಿ ನೋವು ಹೆಚ್ಚುವದು. ಸ್ವಲ್ಪ ನೋವಿದ್ದರೆ ಭಯವಿಲ್ಲ. ಮರುದಿನ ಊತ ಬಂದರೆ ಅಳತೆಯನ್ನು ಕಡಿಮೆ ಮಾಡಿರಿ.

ಹೃದಯಾಘಾತ ಆದವರೂ ಪಾರ್ಶ್ವವಾಯು ಬಡಿದವರೂ ವೈದ್ಯರ ಅಪ್ಪಣೆಯ ಪ್ರಕಾರ ಆರಂಭಿಸಿ ಮೆಲ್ಲಗೆ ಹೆಚ್ಚಿಸತಕ್ಕದ್ದು. ಯಾರಿಗಾದರೂ ಎದೆಯಲ್ಲಿ ಬಿಗಿತ, ಕೂತರೂ ನಿಲ್ಲದ ಏದುಸಿರು, ಕಣ್ಣು ಕತ್ತಲೆ ಇವು ಬಂದರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಜ್ವರವಿರುವಾಗ ವಿಶ್ರಾಂತಿಯೇ ಬೇಕು. ಜ್ವರ ಬಿಟ್ಟ ಮೇಲೆ ಹಾಸಿಗೆಯನ್ನೂ ಬಿಡಬೇಕು.

೬. ಮನೆಯವರಿಗೆ ಒಂದು ಮಾತು

ನಾವು ಮೊದಲು ಹೇಳಿದ ಮಗನು ತಾಯಿಯನ್ನು ಕಡೆಗಣಿಸಿದವನಲ್ಲ. ಪ್ರೀತಿಯ ದಾರಿಯನ್ನು ತಿಳಿಯದೆ ಹೋದನು, ಅಷ್ಟೇ. ದೊಡ್ಡ ಕೊಡವನ್ನು ಆಕೆಯ ಕೈಯಿಂದ ತೆಗೆದುಕೊಳ್ಳಿರಿ, ಚಿಕ್ಕ ತಂಬಿಗೆಯನ್ನು ಬಿಡಿರಿ. ಅಂಗಳ ಗುಡಿಸಲು ಆಕೆಗೆ ಅರ್ಧ ತಾಸು ಹಿಡಿದರೆ ಕಾದುಕೊಳ್ಳಿರಿ. ಬಚ್ಚಲಿನ ಪಾಚಿಯನ್ನು ಉಜ್ಜಿ, ಗೋಡೆಗೆ ಹಿಡಿಯಲು ಒಂದು ಕಂಬಿಯನ್ನು ಹಾಕಿಸಿರಿ. ಸಂಜೆ ಆಕೆಯ ಜೊತೆಯಲ್ಲಿ ಬೀದಿಯ ಕೊನೆಯ ವರೆಗೆ ನಡೆದು ಬನ್ನಿರಿ. "ಅವ್ವಾ, ಕೂತುಕೋ" ಅನ್ನುವದಕ್ಕಿಂತ "ಅವ್ವಾ, ಬಾ, ಹೋಗಿ ಬರೋಣ" ಅನ್ನುವದು ಹೆಚ್ಚಿನ ಪ್ರೀತಿ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ಡಲ್ಲಾಸಿನ ಐವರಿಂದ ಹೆಚ್ಚು ಬಲವನ್ನು ತೆಗೆದದ್ದು ಪ್ರಾಯವೋ, ಹಾಸಿಗೆಯೋ?
೨. ನಮ್ಮ ಹಿರಿಯರು ಕೈಕಾಲಿನಿಂದ ಮಾಡಿದ ಯಾವ ಕೆಲಸಗಳನ್ನು ಈಗ ಯಂತ್ರಗಳು ಮಾಡುತ್ತವೆ?
೩. ಸಕ್ಕರೆ ಕಾಯಿಲೆಯವರು ನಡೆಯಲು ಹೊರಡುವಾಗ ಯಾವ ಜಾಗ್ರತೆ ವಹಿಸಬೇಕು?
೪. ನಿಮ್ಮ ಮನೆಯಲ್ಲಿ ಪ್ರೀತಿಯಿಂದ ಕೂಡಿಸಲ್ಪಟ್ಟವರು ಯಾರಾದರೂ ಇದ್ದಾರೋ? ಅವರಿಗೆ ಈ ವಾರ ಯಾವ ಕೆಲಸವನ್ನು ತಿರಿಗಿ ಕೊಡುವಿರಿ?